ಮಳೆ ದಿನದ ಹಾಜರಿ

ಛತ್ರಿಯಕ್ಕನಿಗೆ ಎಂಟು ದಿನದ ಕೂಲಿ ಇನ್ನೂ ಬರಬೇಕು. ಮೊದಲು ಅದು ಹತ್ತೊಂಬತ್ತು ದಿನದ್ದಿತ್ತು. ಹನ್ನೊಂದು ಬಂತು, ಎಂಟು ನಿಂತುಹೋಯಿತು. ಯಾರ ಹತ್ತಿರವೂ ಕೈಚಾಚಿ ಕೇಳುತ್ತಿರುವ ದುಡ್ಡಲ್ಲ ಅದು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನಿಂತ ಕಾಲಲ್ಲಿ ದುಡಿದದ್ದು. ಹನ್ನೊಂದು ಹೇಗೆ ಬಂತು, ಎಂಟು ಯಾಕೆ ಬರಲಿಲ್ಲ ಅನ್ನುವುದೇ ಇಲ್ಲಿ ಹೇಳಬೇಕಾದ ಮಾತು.

ಸುತ್ತ ನೀರಿರುವ ಒಂದು ಸಣ್ಣ ದ್ವೀಪ. ಅದರಲ್ಲಿ ರಜೆಗೆ ಬರುವ ಸಂಸಾರಗಳಿಗಾಗಿ ಒಂದು ಅತಿಥಿಗೃಹ. ಮೂವತ್ತು ಕೋಣೆ, ಒಂದು ಊಟದ ಮನೆ, ಒಂದು ದೊಡ್ಡ ಹಾಲ್. ಎದುರಿಗಿರುವ ಮರಳಿನಲ್ಲಿ ನಲವತ್ತು ಛತ್ರಿ. ಒಂದೊಂದೂ ಆಳೆತ್ತರ, ಒಂದೊಂದರ ಕೋಲೂ ಹಾರೆಯಷ್ಟು ಭಾರ. ದಿನಾ ಬೆಳಿಗ್ಗೆ ಗುಂಡಿ ತೋಡಿ ಅವನ್ನು ನೆಡುವುದು, ಬಿಚ್ಚುವುದು, ಕೆಳಗೆ ಎರಡೆರಡು ಕುರ್ಚಿ ಹಾಕುವುದು, ಸೂರ್ಯ ಸರಿದಂತೆ ನೆರಳನ್ನು ಸರಿಸುವುದು, ಸಂಜೆ ಎಲ್ಲವನ್ನೂ ಮಡಚಿ ಶೆಡ್ಡಿಗೆ ಹೊರುವುದು ಈಕೆಯ ಕೆಲಸ. ಒಂಬತ್ತು ವರ್ಷದಿಂದ ಇದನ್ನೇ ಮಾಡಿ ಹೆತ್ತವರಿಟ್ಟ ಹೆಸರು ಮೂಲೆಗೆ ಬಿದ್ದು ಛತ್ರಿಯಕ್ಕ ಆಗಿದ್ದಾಳೆ. ವಯಸ್ಸು ಐವತ್ತೊಂದು. ಕೈ ಮುಟ್ಟಿದರೆ ಮರಳು ಕಾಗದ. ನಾಲಿಗೆಯೂ ಸುಮಾರಾಗಿ ಹಾಗೆಯೇ.

ಅವಳ ತಂಗಿ ಅದೇ ಅತಿಥಿಗೃಹದ ಬಟ್ಟೆ ಒಗೆಯುವ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಾಳೆ. ಅವಳ ಹಳೇ ಹಾಸ್ಯ ಒಂದಿದೆ: "ಲೋಕದವ್ರೆಲ್ಲ ಮಳೆ ಬಂದ್ರೆ ಛತ್ರಿ ಬಿಚ್ತಾರೆ. ನಮ್ಮಕ್ಕ ಮಳೆ ಬಂದ್ರೆ ಮಡಚ್ತಾಳೆ."

ನಗುವ ಮಾತೇ. ಆದರೆ ಮಡಚಿದ ದಿನ ಛತ್ರಿಯಕ್ಕನಿಗೆ ಕೂಲಿಯಿಲ್ಲ. ಅಲ್ಲಿನ ಪದ್ಧತಿ ಹೀಗೆ: ಮರಳಿನ ಕೆಲಸದವರ ಹಾಜರಿ ಪುಸ್ತಕ ಇರುವುದು ಮರಳಿನ ಶೆಡ್ಡಿನಲ್ಲಿ. ಒದ್ದೆ ಕಾಲಲ್ಲಿ ಬಂದು ಮುಂಬಾಗಿಲಿನ ನುಣುಪು ನೆಲ ಗಲೀಜು ಮಾಡದಿರಲಿ ಅಂತ ಯಾವನೋ ಪುಣ್ಯಾತ್ಮ ಮಾಡಿಟ್ಟ ಏರ್ಪಾಡು. ಗಾಳಿಮಳೆ ಎದ್ದರೆ ದಂಡೆಯಲ್ಲಿ ಕೆಂಪು ಬಾವುಟ ಏರುತ್ತದೆ, ಶೆಡ್ಡಿಗೆ ಬೀಗ ಬೀಳುತ್ತದೆ. ಪುಸ್ತಕ ಒಳಗೆ, ಛತ್ರಿಯಕ್ಕ ಹೊರಗೆ. ಸಹಿ ಇಲ್ಲ ಅಂದಮೇಲೆ ಹಾಜರಿ ಇಲ್ಲ, ಹಾಜರಿ ಇಲ್ಲ ಅಂದಮೇಲೆ ಕೂಲಿ ಇಲ್ಲ.

ಮನೆಗೆ ಹೋಗಿ ಮಲಗಿದ್ದರೆ ಇದನ್ನೂ ಒಪ್ಪಬಹುದಿತ್ತು. ಮಲಗಲು ಬಿಟ್ಟವರಾರು?

ಈ ವರ್ಷದ ಮೊದಲ ಮಳೆ ದಿನ ಅವಳು ಬಾವುಟ ನೋಡಿ ವಾಪಸು ತಿರುಗಿದ್ದಳು. ಮ್ಯಾನೇಜರ್ ಹಿಂಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ ಕರೆದ. ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು ಕಟ್ಟಿಕೊಂಡು ಓಡಾಡುವ ಮನುಷ್ಯ ಅವನು. ನಡೆದರೆ ಎತ್ತಿನ ಕೊರಳ ಗಂಟೆಯ ಹಾಗೆ ಸದ್ದು. ಅವನ ಹಿಂದೆ ಹಾಲ್‌ನಲ್ಲಿ ಇಪ್ಪತ್ತು ಮೂವತ್ತು ಮಕ್ಕಳು ಕಿರುಚುತ್ತಿದ್ದವು. ಸಮುದ್ರ ತೋರಿಸ್ತೀವಿ ಅಂತ ಕರೆತಂದು ಕಿಟಕಿ ತೋರಿಸಿದರೆ ಮಕ್ಕಳು ಇನ್ನೇನು ಮಾಡಾವು? ಒಂದು ಹೂದಾನಿ ಆಗಲೇ ಒಡೆದಿತ್ತು. ಅಪ್ಪಂದಿರು ಒಂದೊಂದು ಕಂಬಕ್ಕೊರಗಿ ಫೋನಿನಲ್ಲಿ ಮುಳುಗಿದ್ದರು. ಅಮ್ಮಂದಿರ ಮುಖ ಬಾಡಿತ್ತು.

"ಅಕ್ಕಾ, ಒಂದ್ಗಂಟೆ ಈ ಮಕ್ಕಳ್ನ ಹಿಡ್ಕೊಳ್ರೀ. ತಲೆ ಚಿಟ್ಟು ಹಿಡೀತಿದೆ."

"ಹಾಜರಿ?"

"ಅಯ್ಯೋ, ಅದಕ್ಕೇನು, ಆಮೇಲೆ ನೋಡೋಣ. ನಾವೇನು ಬೇರೆಯವ್ರಾ?"

ಬೇರೆಯವರಲ್ಲ ಅನ್ನುವವನ ಹತ್ತಿರ ದುಡ್ಡಿನ ಮಾತು ಅಲ್ಲೇ ಮುಗಿಸಿಕೊಳ್ಳಬೇಕು. ಅದು ಛತ್ರಿಯಕ್ಕನಿಗೆ ಆವತ್ತು ಹೊಳೆಯಲಿಲ್ಲ. ಒಂದು ಗಂಟೆ ಒಂಬತ್ತು ಗಂಟೆಯಾಯಿತು.

ಅವಳು ಮಕ್ಕಳನ್ನು ಬೈಯಲಿಲ್ಲ. ಹೆಗಲಲ್ಲೇ ಇದ್ದ ಛತ್ರಿ ಕಟ್ಟುವ ಹಗ್ಗದ ಸುರುಳಿ ತೆಗೆದು ನಡುಹಾಲ್‌ನಲ್ಲಿ ಧೊಪ್ಪನೆ ಹಾಕಿದಳು. ಗಾಳಿ ಎಷ್ಟು ಜಗ್ಗಿದರೂ ಬಿಚ್ಚದ, ಬೇಕಾದಾಗ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಒಂದಿದೆ. ಅದನ್ನು ಕುರ್ಚಿಯ ಕಾಲಿಗೆ ಹಾಕಿ ತೋರಿಸಿದಳು. ಮಕ್ಕಳು ಹತ್ತಿರ ಬಂದವು. ಎಲ್ಲಕ್ಕೂ ಕಲಿಸಿ, ಕಂಬಕ್ಕೊರಗಿದ್ದ ಒಬ್ಬ ಅಪ್ಪನ ಕಡೆ ಕೈ ತೋರಿಸಿದಳು.

"ಆ ಫೋನಪ್ಪನ್ನ ಕರ್ಕೊಂಡ್ ಬನ್ನಿ. ಕಟ್ತಾನೋ ನೋಡೋಣ."

ಅವನ ಮಗಳೇ ಹೋಗಿ ಎಳೆದುಕೊಂಡು ಬಂದಳು. ಅವನು ದೊಡ್ಡ ಕಚೇರಿಯಲ್ಲಿ ನೂರಾರು ಜನರಿಗೆ ಕೆಲಸ ಹೇಳುತ್ತಾನಂತೆ. ಹಗ್ಗ ಹಿಡಿದು ಹತ್ತು ನಿಮಿಷ ಒದ್ದಾಡಿದ. ಕಟ್ಟಿದ್ದು ಗಂಟೂ ಅಲ್ಲ, ಕುಣಿಕೆಯೂ ಅಲ್ಲ, ಅವನ ಹೆಬ್ಬೆರಳೇ ಒಳಗೆ ಸಿಕ್ಕಿಕೊಂಡಿತು. ಮಕ್ಕಳು ಬಿದ್ದು ಬಿದ್ದು ನಕ್ಕವು.

"ಬಿಡ್ಸಮ್ಮ, ನೋವಾಗ್ತಿದೆ," ಅಂದ ಮಗಳಿಗೆ.

"ಸಾರಿ ಕೇಳು, ಬಿಡಿಸ್ತೀನಿ," ಅಂದಳು ಆರು ವರ್ಷದ ಹುಡುಗಿ.

"ಯಾಕೆ?"

"ಸುಮ್ನೆ."

ಛತ್ರಿಯಕ್ಕನ ಕಸುಬಿನ ಗುಟ್ಟೇ ಅದು. ಮಕ್ಕಳಿಗಷ್ಟೇ ಆಟ ಕೊಟ್ಟರೆ ಅರ್ಧ ಗಂಟೆಗೆ ಬೇಸರ, ಆಮೇಲೆ ಜಗಳ. ದೊಡ್ಡವರನ್ನು ಎಳೆದು ತಂದು ಸೋಲಿಸಬೇಕು. ಅಪ್ಪ ಸೋತದ್ದನ್ನು ಕಂಡ ಮಗು ಅರ್ಧ ದಿನ ಜಗಳ ಮರೆಯುತ್ತದೆ. ಇದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಮೂರು ಮಕ್ಕಳನ್ನು ಒಂದೇ ಕೋಣೆಯ ಮನೆಯಲ್ಲಿ ಸಾಕಿದವಳು. ಮಳೆ ಹಿಡಿದಾಗ ಗಂಡನನ್ನೇ ಕುದುರೆ ಮಾಡಿ, ಕತ್ತೆ ಮಾಡಿ, ಕಳ್ಳನನ್ನೂ ಮಾಡಿ ಕಟ್ಟಿಹಾಕಿದ್ದಳು.

ಆಮೇಲೆ ಮಳೆ ಬಂದಾಗಲೆಲ್ಲ ಚಪ್ಪಾಳೆ. ಒಮ್ಮೆ ತಂಗಿಯ ಕೋಣೆಯಿಂದ ಹಾಸಿಗೆ ಹೊದಿಕೆಗಳನ್ನು ತಂದು ಒಂದಕ್ಕೊಂದು ಗಂಟು ಹಾಕಿ ಹಾಲ್ ತುಂಬಾ ಸಮುದ್ರ ಮಾಡಿದಳು. ಸುತ್ತ ಅಮ್ಮಂದಿರು ಅಂಚು ಹಿಡಿದು ಅಲೆ ಎಬ್ಬಿಸಬೇಕು, ಮೇಲೆ ಕಾಗದದ ದೋಣಿ ಮಗುಚದೆ ಆಚೆ ದಡ ಸೇರಬೇಕು. ಇನ್ನೊಮ್ಮೆ ಎಲ್ಲರ ಚಪ್ಪಲಿ ರಾಶಿ ಹಾಕಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಗಂಡಂದಿರು ಕೈಯಲ್ಲಿ ತಡವಿಯೇ ಹೆಂಡತಿಯ ಜೋಡಿ ಹುಡುಕಬೇಕು ಅಂದಳು. ಹದಿನಾಲ್ಕು ವರ್ಷ ಸಂಸಾರ ಮಾಡಿದವನೊಬ್ಬ ಅಡುಗೆಯವನ ರಬ್ಬರ್ ಚಪ್ಪಲಿ ಎತ್ತಿ ಹಿಡಿದು "ಇದೇ, ಇದೇ" ಅಂದ. ಆ ದಿನವಿಡೀ ಅವನ ಹೆಂಡತಿ ಅವನ ಜೊತೆ ಮಾತಾಡಲಿಲ್ಲ. ಮಾರನೇ ದಿನವೂ ಅಷ್ಟಾಗಿ ಆಡಲಿಲ್ಲ.

ಒಂದು ಸಲ ಮ್ಯಾನೇಜರ್ ಶೆಡ್ಡಿನ ಬೀಗ ತೆಗೆದು ಛತ್ರಿ ಮಾತ್ರ ಕೊಟ್ಟ, ಪುಸ್ತಕ ಕೊಡಲಿಲ್ಲ. ಹನ್ನೆರಡು ಛತ್ರಿ ಒಳಗೆ ತರಿಸಿ ಬಿಚ್ಚಿ ಮನೆ ಮಾಡಿದ ದಿನವಂತೂ ಹಾಲ್ ಒಂದು ಬೀದಿಯಾಯಿತು. ಒಂದು ಛತ್ರಿಗೆ ಒಂದು ಸಂಸಾರ. ಆದರೆ ಯಾರೂ ತಮ್ಮ ಪಾತ್ರ ಮಾಡುವಂತಿಲ್ಲ. ಮಕ್ಕಳು ಅಪ್ಪ ಅಮ್ಮ, ಅಪ್ಪ ಅಮ್ಮ ಮಕ್ಕಳು, ಅತ್ತೆ ಸೊಸೆ, ಸೊಸೆ ಅತ್ತೆ. ಒಬ್ಬಳು ಸೊಸೆ ಅತ್ತೆಯಾಗಿ ಕೂತು, "ನಮ್ಕಾಲದಲ್ಲಿ ಇಷ್ಟು ಹೊತ್ತು ಯಾರು ಮಲಗ್ತಿದ್ರಮ್ಮ," ಅಂದಳು. ನಿಜವಾದ ಅತ್ತೆ ಎದುರು ಕೂತು, "ಹೊಟ್ಟೆ ನೋವು ಅತ್ತೆ, ನಿಮ್ಮ ಮಗನೇ ಅಡಿಗೆ ಮಾಡ್ಲಿ," ಅಂದರು. ಬೀದಿಗೆ ಬೀದಿಯೇ ನಕ್ಕಿತು. ಆ ಇಬ್ಬರು ಮಾತ್ರ ಒಂದು ಕ್ಷಣ ಒಬ್ಬರನ್ನೊಬ್ಬರು ನೋಡಿ, ಆಮೇಲೆ ನಕ್ಕರು.

ಇದಿಷ್ಟೂ ಸುಮ್ಮನೆ ಆಗುವುದಲ್ಲ. ಛತ್ರಿ ಒಳಗೆ ಹೊರಬೇಕು, ಮರಳು ಉದುರದಂತೆ ಒರೆಸಬೇಕು. ಗಂಟು ಬಿದ್ದ ಹೊದಿಕೆಗಳನ್ನು ತಂಗಿ ಮತ್ತೆ ಒಗೆಯಬೇಕು. ಸಂಜೆ ಕಸ ಗುಡಿಸಬೇಕು. ದಿನವಿಡೀ ಕೂತವರನ್ನು ಏಳಿಸಿ, ಎದ್ದವರನ್ನು ಕೂರಿಸಿ ಗಂಟಲು ಹರಿದಿರುತ್ತದೆ. ಮರಳಲ್ಲಿ ದುಡಿದ ದಿನ ಸೊಂಟ ನೋವು, ಹಾಲ್‌ನಲ್ಲಿ ದುಡಿದ ದಿನ ಸೊಂಟ, ಗಂಟಲು, ತಲೆ ಮೂರೂ.

ಮ್ಯಾನೇಜರ್ ಮುಂಬಾಗಿಲಲ್ಲಿ ಹೊಸ ಫಲಕ ಹಾಕಿದ: 'ಮಳೆಯೇ? ಚಿಂತೆ ಬೇಡ! ಇಡೀ ಕುಟುಂಬಕ್ಕೆ ಒಳಾಂಗಣ ಆಟಗಳು.' ಯಾರು ಆಡಿಸುತ್ತಾರೆ ಅಂತ ಬರೆದಿರಲಿಲ್ಲ. ಆಟ ತಾನಾಗಿ ನೆಲದಿಂದ ಹುಟ್ಟುತ್ತದೇನೋ.

ಅವಳಿಗೆ ಇದು ಬರೀ ದಿನಗೂಲಿಯ ಪ್ರಶ್ನೆಯಾಗಿರಲಿಲ್ಲ. ಆ ಅತಿಥಿಗೃಹದ ನಿಯಮದಲ್ಲಿ ವರ್ಷಕ್ಕೆ ಇನ್ನೂರ ನಲವತ್ತು ಹಾಜರಿ ಬಿದ್ದವರು ಖಾಯಂ. ಸಮುದ್ರ ಹುಚ್ಚೆದ್ದು ಬಾಗಿಲು ಮುಚ್ಚುವ ಎರಡೂವರೆ ತಿಂಗಳು ಖಾಯಂ ಆದವರಿಗೆ ಅರ್ಧ ಸಂಬಳ ಬರುತ್ತದೆ, ಉಳಿದವರಿಗೆ ಗಾಳಿ. ಅವಳ ಗಂಡ ದೋಣಿಯ ಎಂಜಿನ್ ರಿಪೇರಿಯವನು. ದೋಣಿ ನಿಂತರೆ ಅವನ ಕೈಯೂ ನಿಂತಿತು. ಆ ಎರಡೂವರೆ ತಿಂಗಳು ಪ್ರತಿ ವರ್ಷ ಸಾಲದ ಮೇಲೆಯೇ ದಾಟಿದ್ದು. ಒಂದು ವರ್ಷ ಮಂಡಿ ಕೈಕೊಟ್ಟಿತು, ಒಂದು ವರ್ಷ ಸೊಸೆಯ ಬಾಣಂತನ, ಹೀಗೆ ಇನ್ನೂರ ನಲವತ್ತು ಯಾವತ್ತೂ ಕೈಗೆ ಎಟುಕಿರಲಿಲ್ಲ. ಈ ವರ್ಷ ಹಲ್ಲು ಕಚ್ಚಿ ದುಡಿದಿದ್ದಳು. ಮರಳಿನ ಪುಸ್ತಕದಲ್ಲಿ ಇನ್ನೂರ ಇಪ್ಪತ್ಮೂರು. ಹಾಲ್‌ನ ಹತ್ತೊಂಬತ್ತು ಸೇರಿಸಿದರೆ ಇನ್ನೂರ ನಲವತ್ತೆರಡು.

ಆ ಹತ್ತೊಂಬತ್ತರಲ್ಲಿ ಮೂರು ದಿನ ಬೇರೆಯೇ ಜಾತಿಯವು. ದೊಡ್ಡ ಗಾಳಿ ಬಂದು ದೋಣಿ ನಿಂತ ದಿನಗಳು. ಕರೆಂಟು ಅಡುಗೆಮನೆಗೆ ಮಾತ್ರ. ಊರಿಗೆ ಹೊರಡಬೇಕಿದ್ದವರೂ ಉಳಿದರು, ಪೆಟ್ಟಿಗೆ ಕಟ್ಟಿಕೊಂಡು ಹಾಲ್‌ನಲ್ಲೇ ಕೂತರು. ದೊಡ್ಡವರು ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದರು. ಬಾಗಿಲು ಒಮ್ಮೆ ಗಾಳಿಗೆ ಬಡಿದದ್ದಕ್ಕೆ ಒಂದು ಮಗು ನಡುಗತೊಡಗಿ, ಸಂಜೆಗೆ ಮೈ ಕಾದ ಹೆಂಚಾಯಿತು. ಛತ್ರಿಯಕ್ಕ ಎಲ್ಲರನ್ನೂ ದುಂಡಗೆ ಕೂರಿಸಿ, ಮಳೆ ಎಲ್ಲೆಲ್ಲಿ ಬೀಳುತ್ತಿದೆ ಅಂತ ಕಿವಿಯಿಂದಲೇ ಹೇಳಿಸಿದಳು. ತಗಡಿನ ಮೇಲೆ, ಬಕೆಟ್ಟಿನಲ್ಲಿ, ಎಲೆಯ ಮೇಲೆ, ಮರಳಿನ ಮೇಲೆ. ಒಂದೊಂದರ ಸದ್ದನ್ನು ಬಾಯಲ್ಲಿ ಮಾಡಿಸಿದಳು. ಐವತ್ತು ಬಾಯಿ ಒಟ್ಟಿಗೆ ಮಳೆ ಸುರಿಸಿದಾಗ ಹೊರಗಿನ ಮಳೆಯ ಭಯ ಇಳಿಯಿತು. ಆಮೇಲೆ ಸುಳ್ಳಿನ ಪಂದ್ಯ. ಒಬ್ಬ ತಾತ, "ನಾನು ಹೆಂಡ್ತಿ ಹತ್ರ ಯಾವತ್ತೂ ಸುಳ್ಳು ಹೇಳಿಲ್ಲ," ಅಂದು ಒಂದೇ ಸಾಲಿನಲ್ಲಿ ಗೆದ್ದರು. ಇದೆಲ್ಲ ನಡೆಯುವಾಗ ಜ್ವರದ ಮಗು ಅವಳ ತೊಡೆಯ ಮೇಲಿತ್ತು. ತಾಯಿ ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ, ಗೋಡೆಗೊರಗಿ ನಿದ್ದೆ ಹೋಗಿದ್ದಳು.

ಮೂರನೇ ದಿನ ಮಧ್ಯಾಹ್ನ ದೋಣಿ ಸೀಟಿ ಹಾಕಿತು. ಕಾಲು ಗಂಟೆಯಲ್ಲಿ ಹಾಲ್ ಖಾಲಿ. ಒಬ್ಬರು ಕೈ ಬೀಸಿದರು. ಜ್ವರದ ಮಗುವಿನ ತಾಯಿ ಓಡುತ್ತಲೇ ತಿರುಗಿ ಏನೋ ಅಂದಳು, ಗಾಳಿಗೆ ಕೇಳಲಿಲ್ಲ. ತಪ್ಪೇನಲ್ಲ ಬಿಡಿ, ಯಾರಿಗಾದರೂ ಮನೆ ಸೇರುವ ಆತುರ ಇರುತ್ತದೆ. ಛತ್ರಿಯಕ್ಕ ಪೊರಕೆ ಎತ್ತಿಕೊಂಡಳು.

ತಿಂಗಳ ಕೊನೆಗೆ ಮ್ಯಾನೇಜರನ ಮುಂದೆ ನಿಂತಳು. ಅವನು ಮುಖ ಎತ್ತದೆ ಹೇಳಿದ: "ಆಟ ಆಡಿದ್ದಕ್ಕೂ ಕೂಲಿನಾ ಅಕ್ಕಾ? ನೀವೇ ನಗ್ತಾ ಇದ್ರಿ, ನಾನೇ ನೋಡಿದೀನಿ."

"ಸಾರ್, ಅಳ್ತಾ ಆಡಿಸಿದ್ರೆ ಕೊಡ್ತಿದ್ರಾ?"

"ಪುಸ್ತಕದಲ್ಲಿ ಸಹಿ ಇಲ್ಲ. ನನ್ಕೈಲಿ ಏನಿದೆ ಹೇಳಿ?"

"ಶೆಡ್ಡಿನ ಬೀಗದ ಕೈ ಇದೆ," ಅಂದಳು. ಅವನು ಗೊಂಚಲನ್ನು ಅಂಗಿಯ ಒಳಗೆ ಸರಿಸಿಕೊಂಡ.

ತಂಗಿ ಸಾಕ್ಷಿ ಹೇಳಲು ಹೋದಳು. "ನೀನು ಅವಳ ತಂಗಿ," ಅಂದುಬಿಟ್ಟ. ಅಡುಗೆಯವನನ್ನು ಕೇಳಿದರೆ ಅವನು ಸಾರಿನಲ್ಲಿ ಸೌಟು ಆಡಿಸುತ್ತಾ, "ನಾನು ಒಲೆ ಬಿಟ್ಟು ಆಚೆ ಬಂದೋನೇ ಅಲ್ಲ ಕಣಕ್ಕ," ಅಂದ. ಅವನ ಚಪ್ಪಲಿ ಆಚೆ ಬಂದಿತ್ತು, ಅವನು ಬಂದಿರಲಿಲ್ಲ.

ಹತ್ತೊಂಬತ್ತನೇ ಮಳೆ ದಿನ, ಋತುವಿನ ಕೊನೆಯ ವಾರ, ಹಾಲ್‌ನಲ್ಲಿ ವಾರ್ತೆ ಓದುವ ಆಟ. ಒಂದು ಛತ್ರಿಯನ್ನು ಅಡ್ಡ ಮಲಗಿಸಿ ಟೀವಿ ಮಾಡಿದ್ದರು. ಅದರ ಹಿಂದೆ ಕೂತು ಯಾವುದಾದರೂ ಕಾಗದವನ್ನು ವಾರ್ತೆಯ ದನಿಯಲ್ಲಿ ಓದಬೇಕು. ಒಬ್ಬ ಔಷಧಿ ಚೀಟಿ ಓದಿದ, ಒಬ್ಬಳು ಊಟದ ಪಟ್ಟಿ ಓದಿದಳು. ಎರಡು ಜಡೆಯ ಹತ್ತು ವರ್ಷದ ಹುಡುಗಿ ಸೀದಾ ಮುಂಬಾಗಿಲ ಮೇಜಿನಿಂದ ಒಂದು ದಪ್ಪ ಪುಸ್ತಕ ಹೊತ್ತು ತಂದಳು. ಅತಿಥಿಗಳು ಹೊರಡುವಾಗ ಅಭಿಪ್ರಾಯ ಬರೆಯುವ ಪುಸ್ತಕ. ಮರಳಿನ ಕೆಲಸದವರಿಗೆ ಆ ಮೇಜಿನ ಕಡೆ ಕಾಲಿಡಲು ಅಪ್ಪಣೆಯಿಲ್ಲ, ಹಾಗಾಗಿ ಛತ್ರಿಯಕ್ಕ ಅದನ್ನು ಕಂಡದ್ದೇ ಅವತ್ತು.

"ವಾರ್ತೆಗಳು," ಅಂತ ಹುಡುಗಿ ಗಂಟಲು ಸರಿಮಾಡಿಕೊಂಡಳು. "ಏಳನೇ ತಾರೀಖು. ದಿನವಿಡೀ ಮಳೆ. ಆದರೂ ಛತ್ರಿ ಆಂಟಿ ನಮ್ಮ ಯಜಮಾನರಿಗೆ ಗಂಟು ಹಾಕುವುದನ್ನು ಕಲಿಸಲು ಸಂಜೆಯವರೆಗೆ ಪ್ರಯತ್ನಿಸಿದರು. ಸಾಧ್ಯವಾಗಲಿಲ್ಲ."

ಎಲ್ಲರೂ ನಕ್ಕರು. ಛತ್ರಿಯಕ್ಕ ನಗಲಿಲ್ಲ.

"ಪುಟ್ಟಿ, ತಾರೀಖು ಇನ್ನೊಂದ್ಸಲ ಓದು."

ಹುಡುಗಿ ಓದಿದಳು. ಆಮೇಲೆ ಪುಟ ತಿರುವಿ ತಿರುವಿ, ಮಳೆ ಅಂತ ಇರುವುದನ್ನೆಲ್ಲ ಓದಿದಳು. ಛತ್ರಿಯಕ್ಕ ಒಂದೊಂದಕ್ಕೂ ಹಗ್ಗದಲ್ಲಿ ಒಂದೊಂದು ಗಂಟು ಹಾಕುತ್ತಾ ಹೋದಳು. ಹತ್ತು ಗಂಟು. "ಇವತ್ತಿಂದು ನಾನು ಬರೀತೀನಿ," ಅಂತ ಹುಡುಗಿ ಅಲ್ಲೇ ಕೂತು ಬರೆದಳು, ಅಪ್ಪನ ಕೈಲಿ ಸಹಿಯನ್ನೂ ಹಾಕಿಸಿದಳು. ಹನ್ನೊಂದು. ಗಾಳಿಯ ಮೂರು ದಿನದ ಪುಟ ಹುಡುಕಿದರೆ ಆ ತಾರೀಖುಗಳೇ ಇರಲಿಲ್ಲ. ದೋಣಿ ಹಿಡಿಯಲು ಓಡುವವರು ಪೆನ್ನು ಎಲ್ಲಿ ಹುಡುಕುತ್ತಾರೆ? ಉಳಿದ ಐದು ದಿನದವರು ಊಟ ಚೆನ್ನಾಗಿತ್ತು, ಸೊಳ್ಳೆ ಜಾಸ್ತಿ, ಸಿಬ್ಬಂದಿ ಸಭ್ಯರು ಅಂತ ಬರೆದಿದ್ದರು.

ಬಾಗಿಲು ಮುಚ್ಚುವ ಹಿಂದಿನ ದಿನ ಮಾಲೀಕಮ್ಮ ಲೆಕ್ಕ ನೋಡಲು ದೋಣಿಯಲ್ಲಿ ಬಂದರು. ಕನ್ನಡಕ ಮೂಗಿನ ತುದಿಯಲ್ಲಿಟ್ಟುಕೊಂಡ, ಮಾತಿಗಿಂತ ಅಂಕಿ ನಂಬುವ ಹೆಂಗಸು. ಛತ್ರಿಯಕ್ಕ ಕಾಲು ಒರೆಸಿಕೊಂಡು ಮುಂಬಾಗಿಲಿನಿಂದಲೇ ಒಳಗೆ ಬಂದಳು. ನುಣುಪು ನೆಲದ ಮೇಲೆ ನಿಂತು, ಆ ದಪ್ಪ ಪುಸ್ತಕ ಮೇಜಿನ ಮೇಲೆ ಬಿಚ್ಚಿಟ್ಟಳು.

"ಇದೇನು?"

"ನನ್ನ ಹಾಜರಿ ಪುಸ್ತಕ. ನಿಮ್ಮ ಗಿರಾಕಿಗಳು ಬರೆದಿದ್ದಾರೆ."

ಮ್ಯಾನೇಜರ್ ಅಡ್ಡ ಬಾಯಿ ಹಾಕಿದ. "ಅಮ್ಮಾ, ಅದರಲ್ಲಿ ಮಜಾ ಬಂತು ಅಂತಿದೆ. ಕೆಲಸ ಮಾಡಿದ್ಲು ಅಂತ ಎಲ್ಲಿದೆ?"

ಮಾಲೀಕಮ್ಮ ಒಂದೊಂದನ್ನೂ ಓದಿದರು. ಗೋಡೆಯ ಕಡೆ ನೋಡಿದರು. ಅದೇ ಸಾಲುಗಳಲ್ಲಿ ಎರಡನ್ನು ಮ್ಯಾನೇಜರನೇ ದೊಡ್ಡದಾಗಿ ಬರೆಸಿ ಗಾಜು ಹಾಕಿಸಿ ನೇತುಹಾಕಿದ್ದ, ಮಳೆಯಲ್ಲೂ ತನ್ನ ಆಡಳಿತ ಹೇಗಿದೆ ನೋಡಿ ಅಂತ.

"ಇವನ್ನ ನೀನೇ ಹಾಕ್ಸಿದ್ದಲ್ವಾ?"

"ಹೌದಮ್ಮಾ, ಪ್ರಚಾರಕ್ಕೆ…"

"ಪ್ರಚಾರಕ್ಕೆ ನಿಜ, ಕೂಲಿಗೆ ಸುಳ್ಳಾ?"

ಹನ್ನೊಂದು ದಿನದ ಕೂಲಿ ಅಲ್ಲೇ ಎಣಿಸಿ ಕೊಟ್ಟರು, ಹನ್ನೊಂದು ಹಾಜರಿ ಹಾಕಿಸಿದರು. ಮಾಲೀಕಮ್ಮ ಕೂಡಿಸಿ ನೋಡಿದರು: ಇನ್ನೂರ ಮೂವತ್ನಾಲ್ಕು.

"ಆರು ಕಮ್ಮಿ ಇದೆಯಲ್ಲ."

"ಇನ್ನೂ ಎಂಟು ದಿನ ದುಡ್ದಿದೀನಿ. ಗಾಳಿ ಎದ್ದು ದೋಣಿ ನಿಂತಿದ್ದು ನಿಮಗೂ ಗೊತ್ತು. ಆ ಮೂರು ದಿನ ಇಷ್ಟು ಮಕ್ಕಳ್ನ ಯಾರು ನೋಡ್ಕೊಂಡ್ರು ಅಂದ್ಕೊಂಡ್ರಿ?"

"ನೀನೇ ಇರಬಹುದು. ಆದ್ರೆ ಬರೆದಿಲ್ವಲ್ಲ. ಬಾಯಿ ಮಾತಿಗೆ ಹಾಜರಿ ಹಾಕಿದ್ರೆ ನಾಳೆ ಎಲ್ಲರೂ ಬರ್ತಾರೆ. ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ಲೆಕ್ಕ ಸೊನ್ನೆಯಿಂದ ಶುರುವಾಗುತ್ತಮ್ಮ. ನನ್ನ ಮಂಡಿ ಸೊನ್ನೆಯಿಂದ ಶುರುವಾಗಲ್ಲ."

ಮಾಲೀಕಮ್ಮ ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಹೆಂಗಸಲ್ಲ, ಒಳ್ಳೆಯವರಾಗಲು ಕಾಗದ ಬೇಕು ಅಷ್ಟೆ. "ಒಂದು ಮಾಡು. ಆ ದಿನಗಳಲ್ಲಿ ಇದ್ದ ಅತಿಥಿಗಳು ಯಾರಾದ್ರೂ ಬರೆದು ಕಳಿಸ್ಲಿ. ಬಾಗಿಲು ತೆಗೆಯೋದ್ರೊಳಗೆ ಬಂದ್ರೆ ಸೇರಿಸ್ತೀನಿ. ಮಾತು ಕೊಟ್ಟಿದೀನಿ."

ಅತಿಥಿಗಳ ವಿಳಾಸ ಇರುವ ಕಪಾಟಿಗೆ ಬೀಗ ಹಾಕಿತ್ತು. ಮಾಲೀಕಮ್ಮ ಕೈ ಚಾಚಿದ ಮೇಲೆ ಮ್ಯಾನೇಜರ್ ಗೊಂಚಲಿನಿಂದ ಕೀಲಿ ಬಿಡಿಸಿ ಕೊಟ್ಟ. ಛತ್ರಿಯಕ್ಕ ಮತ್ತು ತಂಗಿ ಆ ಎಂಟು ದಿನಗಳಲ್ಲಿ ಅಲ್ಲಿದ್ದ ನಲವತ್ತೊಂದು ಸಂಸಾರಗಳ ವಿಳಾಸ ಬರೆದುಕೊಂಡರು. ಇಸ್ತ್ರಿ ಕೋಣೆಯ ಮೇಜಿನ ಮೇಲೆ ಕೂತು ನಲವತ್ತೊಂದು ಕಾಗದ ಬರೆದರು. ತಂಗಿಯ ಅಕ್ಷರ ದುಂಡು, ಛತ್ರಿಯಕ್ಕನದು ಕೋಳಿ ಕೆರೆದದ್ದು, ಹಾಗಾಗಿ ಅವಳು ಬರೀ ಅಂಟು ಹಚ್ಚಿದಳು. ಕಾಗದದಲ್ಲಿ ದುಃಖ ತೋಡಿಕೊಂಡಿರಲಿಲ್ಲ. ತಾರೀಖು ಇತ್ತು, ಆಡಿಸಿದ ಆಟ ಇತ್ತು, ಕೊನೆಗೆ 'ನಿಜ ಅನಿಸಿದರೆ ಬರೆದು ಕಳಿಸಿ' ಅಂತಿತ್ತು.

ಇದುವರೆಗೆ ಒಂದು ಉತ್ತರ ಬಂದಿದೆ. ಜ್ವರದ ಮಗು ಈಗ ಹುಷಾರಾಗಿದೆಯಂತೆ. ತುಂಬ ಪ್ರೀತಿಯಿಂದ ಬರೆದಿದ್ದಾಳೆ ಆ ತಾಯಿ, ಎರಡು ಪುಟ. ತಾರೀಖು ಹಾಕಿಲ್ಲ. ಹಾಕಿ ಕಳಿಸಿ ಅಂತ ಮತ್ತೊಂದು ಕಾಗದ ಹೋಗಿದೆ.

ಬಾಗಿಲು ತೆಗೆಯಲು ಇನ್ನು ಇಪ್ಪತ್ತು ದಿನ. ಆರು ಹಾಜರಿ ಬೇಕು.

ಇದನ್ನು ಓದುತ್ತಿರುವ ನೀವೂ ಮಕ್ಕಳನ್ನು ಕಟ್ಟಿಕೊಂಡು ಸಮುದ್ರ ನೋಡಲು ಹೋಗಿರುತ್ತೀರಿ, ಮಳೆಗೆ ಸಿಕ್ಕಿ ಒಳಗೆ ಕೂತಿರುತ್ತೀರಿ. ಆ ದಿನ ನಿಮ್ಮ ಮಗುವನ್ನು ನಗಿಸಿದ್ದು ಯಾರು? ಬೆಳಿಗ್ಗೆ ಎಷ್ಟಕ್ಕೆ ಬಂದರು, ಸಂಜೆ ಎಷ್ಟಕ್ಕೆ ಹೋದರು? ನೆನಪು ಮಾಡಿಕೊಳ್ಳಿ, ಪೆನ್ನು ತೆಗೆಯಿರಿ. ಮಜಾ ಬಂತು ಅಂತ ಬರೆಯಬೇಡಿ, ಅದರಿಂದ ಯಾರ ಒಲೆಯೂ ಉರಿಯುವುದಿಲ್ಲ. ತಾರೀಖು ಹಾಕಿ, ಇಂಥವರು ಇಷ್ಟು ಹೊತ್ತು ನಮ್ಮ ಮಕ್ಕಳ ಮುಂದೆ ಕೆಲಸ ಮಾಡಿದರು ಅಂತ ಬರೆದು, ಕೆಳಗೆ ಸಹಿ ಮಾಡಿ. ಇವತ್ತೇ ಅಂಚೆಗೆ ಹಾಕಿ.